ಶೀತಪ್ರದೇಶದ ತಾತ್ಕಾಲಿಕ ಶಿಬಿರ: ಉಷ್ಣ ಪ್ರಸರಣದ ಪಾಠಕ್ಕೆ ಪೂರಕ ಸಾಮಗ್ರಿ

(ಪ್ರೌಢಶಾಲಾ ವಿಜ್ಞಾನ ಬೋಧಕರಿಗೆ, ಎರಡು ಅವಧಿಗಳು)

ವಹನ, ಸಂವಹನ, ವಿಕಿರಣಗಳನ್ನು ನಾವು ಸಾಮಾನ್ಯವಾಗಿ ಮೂರು ಬೇರೆ ಬೇರೆ ಶೀರ್ಷಿಕೆಗಳಡಿ ಬೋಧಿಸುತ್ತೇವೆ. ಮಕ್ಕಳು ಮೂರಕ್ಕೂ ವ್ಯಾಖ್ಯೆ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ; ಆದರೆ ಒಂದೇ ವಸ್ತುವಿನಿಂದ ಮೂರೂ ದಾರಿಗಳಲ್ಲಿ ಏಕಕಾಲಕ್ಕೆ ಉಷ್ಣ ಹೊರಹೋಗುತ್ತದೆಂಬ ಅರಿವು ಅವರಲ್ಲಿ ವಿರಳ. ಈ ಅರಿವನ್ನು ಮೂಡಿಸಲು ಅತಿಶೀತ ಪ್ರದೇಶದ ಶಿಬಿರಕ್ಕಿಂತ ಉತ್ತಮ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಟಾರ್ಕ್ಟಿಕದ ವೋಸ್ತೋಕ್ ಕೇಂದ್ರದಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಅಂತಹ ಖಂಡದಲ್ಲಿ ಬಟ್ಟೆಯ ಡೇರೆಯೊಳಗೆ ಮನುಷ್ಯನು ಮಲಗಿ ಏಳಬೇಕಾದರೆ ಏನೇನು ವ್ಯವಸ್ಥೆಯಾಗಬೇಕು? ಪಾಠ ಈ ಪ್ರಶ್ನೆಯಿಂದಲೇ ಆರಂಭವಾಗಲಿ.

ಮೊದಲು ಪದಗಳ ವಿಷಯ. ಗಡಿನಾಡಿನ ನಮ್ಮ ತರಗತಿಗಳಲ್ಲಿ ತೆಲುಗಿನ ‘ಮಂಚು’, ಮರಾಠಿಯ ‘ಬರ್ಫ’ ಮಕ್ಕಳ ಕಿವಿಯಲ್ಲಿರುತ್ತವೆ. ಆದುದರಿಂದ ಹಿಮ, ಮಂಜು, ಇಬ್ಬನಿ, ಮಂಜುಗಡ್ಡೆ ಎಂಬ ನಾಲ್ಕು ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದರ ಅರ್ಥವನ್ನು ಸ್ಪಷ್ಟಪಡಿಸಿಯೇ ಮುಂದುವರಿಯಬೇಕು. ಹಿಮದ ಹರಳುಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಒಳ್ಳೆಯ ಉಷ್ಣ ಅವಾಹಕ, ಮಂಜುಗಡ್ಡೆ ಹಾಗಲ್ಲ. ಈ ಭೇದ ತಿಳಿಯದಿದ್ದರೆ ಮುಂದಿನ ವಿವರಣೆ ವ್ಯರ್ಥ.

ಎರಡನೆಯ ತೊಡಕು, “ಕಂಬಳಿ ಬಿಸಿ ಕೊಡುತ್ತದೆ” ಎಂಬ ನಂಬಿಕೆ. ಇದನ್ನು ಮಾತಿನಿಂದ ತೆಗೆಯಲಾಗದು. ಸಮಾನ ಗಾತ್ರದ ಎರಡು ಮಂಜುಗಡ್ಡೆಗಳನ್ನು ತಟ್ಟೆಗಳಲ್ಲಿಟ್ಟು, ಒಂದನ್ನು ಕಂಬಳಿಯಿಂದಲೋ ಸೊಲ್ಲಾಪುರದ ಚಾದರದಿಂದಲೋ ಸುತ್ತಿರಿ. ಯಾವುದು ಬೇಗ ಕರಗುವುದೆಂದು ಮೊದಲೇ ಕೈ ಎತ್ತಿಸಿ, ಎಣಿಕೆಯನ್ನು ಬರೆದಿಡಿ. ಬಹುಪಾಲು ಕೈಗಳು ಕಂಬಳಿಯ ಪರವಾಗಿ ಏಳುತ್ತವೆ. ಅರ್ಧ ಗಂಟೆಯ ಬಳಿಕ ಬಿಚ್ಚಿ ನೋಡಿದಾಗ ಸುತ್ತಿದ ಗಡ್ಡೆಯೇ ಹೆಚ್ಚು ಉಳಿದಿರುತ್ತದೆ. ಕಾಸರಗೋಡಿನ ಮಕ್ಕಳಿಗೆ ಮೀನಿನ ಥರ್ಮಾಕೋಲ್ ಪೆಟ್ಟಿಗೆಯನ್ನು ನೆನಪಿಸಿದರೂ ಸಾಕು. ಕಂಬಳಿ ಉಷ್ಣವನ್ನು ಉತ್ಪಾದಿಸುವುದಿಲ್ಲ, ತಡೆಯುತ್ತದೆ, ಡೇರೆಯೂ ಅಷ್ಟೆ. ಅದರೊಳಗಿನ ಉಷ್ಣದ ಮೂಲವೆಂದರೆ ಒಲೆ ಮತ್ತು ಮನುಷ್ಯರ ಮೈ ಮಾತ್ರ.

ಡೇರೆಯ ರಚನೆ

ಧ್ರುವ ಪ್ರದೇಶಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವುದು ನಾಲ್ಕು ಕೋಲುಗಳ ಪಿರಮಿಡ್ ಆಕಾರದ ಡೇರೆ. ಅದಕ್ಕೆ ಎರಡು ಪದರಗಳು; ನಡುವಿನ ನಿಶ್ಚಲ ಗಾಳಿಯೇ ಅವಾಹಕ. ಗಾಳಿ ಚಲಿಸಿದರೆ ಸಂವಹನದಿಂದ ಉಷ್ಣ ಹೋಗುತ್ತದೆ. ಆದುದರಿಂದ ಹೊರಪದರದ ಅಂಚನ್ನು ಸೆರಗಿನಂತೆ ನೆಲದ ಮೇಲೆ ಹರಡಿ, ಅದರ ಮೇಲೆ ಹಿಮದ ಗಟ್ಟಿಗಳನ್ನು ಹೇರುತ್ತಾರೆ. ಇದರಿಂದ ಡೇರೆ ಹಾರದು, ಅಡಿಯಿಂದ ಗಾಳಿಯೂ ನುಗ್ಗದು. ಮಲಗುವವನ ಮೈಯ ಉಷ್ಣ ವಹನದಿಂದ ನೆಲಕ್ಕೆ ಇಳಿಯುವುದನ್ನು ತಡೆಯಲು ಹೊದಿಕೆಯಷ್ಟೇ ಹಾಸಿಗೆಯೂ ಮುಖ್ಯ. ಉಸಿರಿನ ನೀರಾವಿ ಒಳಬಟ್ಟೆಯ ಮೇಲೆ ಹೆಪ್ಪುಗಟ್ಟಿ, ಒಲೆ ಹೊತ್ತಿಸಿದಾಗ ಕರಗಿ ಹಾಸಿಗೆಯನ್ನು ನೆನೆಸುತ್ತದೆ. ನೆನೆದ ಉಣ್ಣೆಯಲ್ಲಿ ಗಾಳಿಯ ಸ್ಥಳವನ್ನು ನೀರು ಆಕ್ರಮಿಸುವುದರಿಂದ ಅವಾಹಕ ಗುಣ ಕುಗ್ಗುತ್ತದೆ.

ಡೇರೆಗಳನ್ನು ಎಲ್ಲಿ, ಹೇಗೆ ಹೂಡಬೇಕೆಂಬುದೂ ವಿನ್ಯಾಸದ ಭಾಗವೇ. ಅಡ್ಡಿಯನ್ನು ದಾಟಿದ ಗಾಳಿಯ ವೇಗ ಮರೆಯ ಬದಿಯಲ್ಲಿ ಕುಗ್ಗಿ, ಹೊತ್ತು ತಂದ ಹಿಮ ಅಲ್ಲಿ ದಿಬ್ಬವಾಗುತ್ತದೆ. ಒಂದರ ಹಿಂದೆ ಒಂದು ಹೂಡಿದರೆ ಹಿಂದಿನ ಡೇರೆ ಹೂತುಹೋಗುತ್ತದೆ. ಗಾಳಿಗೆ ಅಡ್ಡಲಾಗಿ ಸಾಲಾಗಿ ಹೂಡಬೇಕು. 1983–84ರಲ್ಲಿ ಭಾರತವು ಅಂಟಾರ್ಕ್ಟಿಕದ ಹಿಮಹಾಸಿನ ಮೇಲೆ ಕಟ್ಟಿದ ದಕ್ಷಿಣ ಗಂಗೋತ್ರಿ ಕೇಂದ್ರ ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಯಿತು. ಮುಂದಿನ ಕೇಂದ್ರ ಮೈತ್ರಿಯನ್ನು ಬಂಡೆನೆಲದಲ್ಲಿ, ಕಂಬಗಳ ಮೇಲೆ ಎತ್ತರಿಸಿ ಕಟ್ಟಿದರು; ಹಿಮ ಅಡಿಯಿಂದ ಹಾದುಹೋಗಲು ಅದಕ್ಕೆ ದಾರಿಯಿದೆ. 2012ರ ಭಾರತಿ ಕೇಂದ್ರಕ್ಕೆ 134 ಸಾಗಣೆ ಕಂಟೇನರುಗಳೇ ಒಡಲು.

ಮುಚ್ಚಿದ ಕೋಣೆಯ ಅಪಾಯ

ಉಷ್ಣ ಉಳಿಯಲು ಎಲ್ಲ ರಂಧ್ರಗಳನ್ನೂ ಮುಚ್ಚಬೇಕೆಂದು ಮಕ್ಕಳು ಸಹಜವಾಗಿಯೇ ಹೇಳುತ್ತಾರೆ. ಇಲ್ಲಿ ಶಿಕ್ಷಕರು ಪಾಠವನ್ನು ನಿಲ್ಲಿಸಬೇಕು. 1934ರಲ್ಲಿ ಅಮೆರಿಕದ ರಿಚರ್ಡ್ ಬರ್ಡ್ ಹವಾಮಾನ ವೀಕ್ಷಣೆಗಾಗಿ, ಮೂಲ ಶಿಬಿರದಿಂದ ಸುಮಾರು 200 ಕಿಲೋಮೀಟರ್ ದೂರದಲ್ಲಿ, ಹಿಮದಲ್ಲಿ ಹೂತಿದ್ದ ಪುಟ್ಟ ಮನೆಯೊಳಗೆ ಅಂಟಾರ್ಕ್ಟಿಕದ ಚಳಿಗಾಲವನ್ನು ಒಬ್ಬನೇ ಕಳೆಯಲು ನಿಂತನು. ಒಲೆ ಮತ್ತು ವಿದ್ಯುಜ್ಜನಕದ ಹೊಗೆ ಸರಿಯಾಗಿ ಹೊರಹೋಗದೆ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತು. ಒಲೆ ಉರಿಸಿದರೆ ವಿಷ, ಆರಿಸಿದರೆ ಚಳಿ. ಅವನ ರೇಡಿಯೋ ಸಂದೇಶಗಳು ಅಸ್ತವ್ಯಸ್ತವಾಗುತ್ತಿರುವುದನ್ನು ಗಮನಿಸಿ ಸಂಗಡಿಗರು ಆಗಸ್ಟಿನಲ್ಲಿ ಹೋಗಿ ತಲುಪಿದ್ದರಿಂದ ಅವನು ಬದುಕಿದನು.

ಇದು ದೂರದ ಕಥೆಯೆಂದು ಬಿಡುವಂತಿಲ್ಲ. ನೀಲಗಿರಿಯಂತಹ ಮಲೆನಾಡುಗಳಲ್ಲಿ ಚಳಿಯ ರಾತ್ರಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಒಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗಿದವರು ಮತ್ತೆ ಏಳದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದಲ್ಲಿ ಹೊಗೆ ಕಾಣದಿದ್ದರೂ ಅದು ಹೊಮ್ಮುತ್ತಿರುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಕೂಡಲೇ ಹೊರಗಿನ ಗಾಳಿಗೆ ಬರಬೇಕು. ಊಟಿ, ಕೋತಗಿರಿಯ ಕಡೆಯ ಶಿಕ್ಷಕರು ಉಳಿದೆಲ್ಲವನ್ನು ಬಿಟ್ಟರೂ ಈ ಭಾಗವನ್ನು ಬಿಡಬಾರದು. ಮಕ್ಕಳು ಇದನ್ನು ಮನೆಗೆ ಹೋಗಿ ಹೇಳಲಿ. ಡೇರೆಯ ನೆತ್ತಿಯಲ್ಲಿ ಗಾಳಿಕಂಡಿ ಇರುವುದೂ, ಅದಕ್ಕೆ ಹಿಮ ಕಟ್ಟದಂತೆ ನೋಡಿಕೊಳ್ಳುವುದೂ ಇದಕ್ಕಾಗಿಯೇ.

ಇಂಧನವನ್ನೇ ಸುಡದ ದಾರಿಯೂ ಉಂಟು. ಲಡಾಖಿನ ಸೋನಮ್ ವಾಂಗ್‌ಚುಕ್ 2021ರಲ್ಲಿ ಸೈನಿಕರಿಗಾಗಿ ರೂಪಿಸಿದ ಡೇರೆ ಹಗಲಿನ ಸೂರ್ಯಶಾಖವನ್ನು ಹಿಡಿದಿಟ್ಟುಕೊಂಡು ರಾತ್ರಿ ಬಿಡುತ್ತದೆ. ರಾತ್ರಿ ಹೊರಗೆ ಮೈನಸ್ 14 ಡಿಗ್ರಿ ಇದ್ದಾಗ ಒಳಗೆ 15 ಡಿಗ್ರಿ ಇತ್ತೆಂದು ಅವರು ತಿಳಿಸಿದ್ದಾರೆ. ವಿಕಿರಣಕ್ಕೆ ಇದನ್ನೇ ಉದಾಹರಣೆಯಾಗಿ ಕೊಡಬಹುದು.

ಲೆಕ್ಕ

ಶಿಬಿರದಲ್ಲಿ ನೀರೆಂದರೆ ಕರಗಿಸಿದ ಹಿಮ. ಹತ್ತು ಜನರಿಗೆ ದಿನಕ್ಕೆ 40 ಲೀಟರ್ ಬೇಕೆನ್ನೋಣ. ಮೈನಸ್ 20 ಡಿಗ್ರಿಯ ಒಂದು ಗ್ರಾಂ ಹಿಮವನ್ನು ಸೊನ್ನೆಗೆ ತರಲು 10, ಕರಗಿಸಲು 80, ಆ ನೀರನ್ನು 20 ಡಿಗ್ರಿಗೆ ಏರಿಸಲು 20, ಒಟ್ಟು 110 ಕ್ಯಾಲೊರಿ. 40,000 ಗ್ರಾಮಿಗೆ 44 ಲಕ್ಷ ಕ್ಯಾಲೊರಿ, ಅಂದರೆ 4,400 ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಂ ಸೀಮೆಎಣ್ಣೆಯಿಂದ ಸುಮಾರು 10,000 ಕಿಲೋಕ್ಯಾಲೊರಿ ದೊರೆತು, ಅದರಲ್ಲಿ ಅರ್ಧ ವ್ಯರ್ಥವಾದರೆ ದಿನಕ್ಕೆ 0.88 ಕಿಲೋಗ್ರಾಂ, ಅಂದರೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ನೀರಿಗೇ ಬೇಕು. ಅಡುಗೆಯ ಲೆಕ್ಕ ಬೇರೆ. ಗುಪ್ತೋಷ್ಣದ ಪಾಲು ಎಷ್ಟು ದೊಡ್ಡದೆಂಬುದನ್ನು ಮಕ್ಕಳೇ ಗುರುತಿಸಲಿ.

ಮೌಲ್ಯಮಾಪನ

1. ಡೇರೆಯ ಎರಡು ಪದರಗಳು ಒಂದಕ್ಕೊಂದು ಅಂಟಿಕೊಂಡರೆ ಆಗುವ ನಷ್ಟವೇನು?
2. ಮೇಲಿನ ಲೆಕ್ಕವನ್ನು 30 ದಿನಗಳ ಶಿಬಿರಕ್ಕೆ ವಿಸ್ತರಿಸಿ, ಹೊತ್ತೊಯ್ಯಬೇಕಾದ ಸೀಮೆಎಣ್ಣೆಯ ತೂಕ ಕಂಡುಹಿಡಿಯಿರಿ.
3. ನಿಮ್ಮ ಮನೆಯಲ್ಲಿ ಒಲೆಯ ಹೊಗೆ ಹೊರಹೋಗುವ ದಾರಿಯನ್ನು ಚಿತ್ರಿಸಿ. ಅದು ಮುಚ್ಚಿಹೋದರೆ ಗಾಳಿ ಬೇರೆ ಯಾವ ಕಡೆಯಿಂದ ಬರಬಲ್ಲದು? (ಇದಕ್ಕೆ ಅಂಕ ಬೇಡ, ಚಿತ್ರಗಳನ್ನು ನೋಡಿ, ಅಪಾಯ ಕಂಡಲ್ಲಿ ಪೋಷಕರೊಡನೆ ಮಾತನಾಡಿರಿ.)