ಬ್ರೌಸರಿನ ಬೇಲಿ ಮತ್ತು ಪಹಣಿಯ ಕಿಟಕಿ

ಯಲ್ಲಾಪುರ ತಾಲೂಕಿನ ಅರಬೈಲ್ ಭಾಗದ ತೋಟಿಗರು ಪಹಣಿ, ಬೆಳೆ ವಿಮೆ, ಸಹಾಯಧನ ಮುಂತಾದ ಕೆಲಸಗಳಿಗೆ ಮೊಬೈಲ್ ಫೋನು ಹಾಗೂ ಗಣಕಯಂತ್ರಗಳನ್ನು ಬಳಸುವುದು ಈಗ ಸಾಮಾನ್ಯವಾಗಿದೆ. ಘಟ್ಟದ ಊರುಗಳಿಗೆ ಇದು ಬರಿಯ ಅನುಕೂಲದ ಮಾತಲ್ಲ. 2021ರ ಜುಲೈ ತಿಂಗಳ ಮಳೆಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಸಂಚಾರ ನಿಂತುಹೋಯಿತು. ಕಳಚೆಯಲ್ಲಿ ಅಡಿಕೆ ತೋಟಗಳೇ ಜಾರಿಹೋದವು. ಅಡಿಕೆ ಹಾಗೂ ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯ ನೋಂದಣಿ ಬರುವುದೂ ಮುಂಗಾರಿನ ದಿನಗಳಲ್ಲಿಯೇ. ಅಂಥ ಹೊತ್ತಿನಲ್ಲಿ ತಾಲೂಕು ಕಚೇರಿಗೆ ಹೋಗಲಾಗದಿದ್ದರೆ ಕೈಯಲ್ಲಿರುವ ಫೋನೇ ಗತಿ.

ಹೀಗಿರುವಾಗ ಎದುರಾಗುವ ಒಂದು ತೊಂದರೆ ಹಲವರ ಅನುಭವಕ್ಕೆ ಬಂದಿದೆ. ಸರ್ವೆ ನಂಬರು, ಹಿಸ್ಸಾ ಎಲ್ಲವನ್ನೂ ಸರಿಯಾಗಿ ತುಂಬಿ ಗುಂಡಿ ಒತ್ತಿದರೂ ಏನೂ ಕಾಣಿಸುವುದಿಲ್ಲ. ತಾಣ ಕೆಟ್ಟಿದೆಯೆಂದು ಕೆಲವರು ಕೈಬಿಡುತ್ತಾರೆ. ಇನ್ನು ಕೆಲವರು ಯಾರೋ ಹೇಳಿದರೆಂದು ಬ್ರೌಸರಿನ ಎಲ್ಲ ತಡೆಗಳನ್ನೂ ಒಮ್ಮೆಲೇ ತೆಗೆದುಹಾಕುತ್ತಾರೆ. ಎರಡನೆಯದು ಹೆಚ್ಚು ಅಪಾಯಕರ.

ತಡೆ ಏಕೆ ಬಂತು?

ಒಂದು ಪುಟ ನೋಡುತ್ತಿರುವಾಗ ಅದರ ಮೇಲೆ ತಾನಾಗಿಯೇ ತೆರೆದುಕೊಳ್ಳುವ ಬೇರೊಂದು ಕಿಟಕಿಗೆ ಪಾಪ್-ಅಪ್ ಎನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ಸಂಸ್ಥೆಯಲ್ಲಿ ಜಾಹೀರಾತಿಗಾಗಿ ಇದನ್ನು ಬಳಕೆಗೆ ತಂದ ಈಥನ್ ಝುಕರ್‌ಮನ್ 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಪೀಡೆ ಜಗತ್ತಿಗೆಲ್ಲ ಹರಡಿಯಾಗಿತ್ತು. 2000ದಲ್ಲಿ ಒಪೇರಾ, ತರುವಾಯ ಮೊಝಿಲ್ಲಾ, 2004ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಈ ಕಿಟಕಿಗಳನ್ನು ತಡೆಯುವ ವ್ಯವಸ್ಥೆ ಮಾಡಿದವು. ಇಂದಿನ ಬ್ರೌಸರುಗಳಲ್ಲಿ ಈ ತಡೆ ಮೊದಲಿನಿಂದಲೇ ಜಾರಿಯಲ್ಲಿರುತ್ತದೆ.

ಆದರೆ ಎಲ್ಲ ಪಾಪ್-ಅಪ್‌ಗಳೂ ಜಾಹೀರಾತಲ್ಲ. ದಾಖಲೆಯ ನಕಲು, ರಸೀದಿ, ಹಣ ಪಾವತಿಯ ಪುಟ ಇವುಗಳನ್ನು ಹೊಸ ಕಿಟಕಿಯಲ್ಲಿ ತೋರಿಸುವ ತಾಣಗಳು ಇನ್ನೂ ಬಹಳ ಇವೆ. ಬ್ರೌಸರು ಇವೆರಡನ್ನು ಬೇರ್ಪಡಿಸುವ ರೀತಿ ತಿಳಿದುಕೊಳ್ಳತಕ್ಕದ್ದು. ಬಳಕೆದಾರರು ತಾವೇ ಒತ್ತಿದ್ದರಿಂದ ತೆರೆದ ಕಿಟಕಿಯನ್ನು ಅದು ಬಿಡುತ್ತದೆ. ಯಾರೂ ಒತ್ತದೆ ತೆರೆದದ್ದನ್ನು ತಡೆಯುತ್ತದೆ. ಒತ್ತಿದ ಗುರುತನ್ನು ಅದು ಬಹಳ ಹೊತ್ತು ನೆನಪಿಡುವುದಿಲ್ಲ. ಕ್ರೋಮ್ ಬ್ರೌಸರಿನಲ್ಲಿ ಈ ಅವಧಿ ಸುಮಾರು 5 ಸೆಕೆಂಡು ಮಾತ್ರ.

ಘಟ್ಟದವರಿಗೆ ಮುಖ್ಯವಾದ ಅಂಶ ಇದೇ. ಕೆಲವು ತಾಣಗಳು ಗುಂಡಿ ಒತ್ತಿದ ಮೇಲೆ ದೂರದ ಗಣಕಯಂತ್ರದಿಂದ ಉತ್ತರ ತರಿಸಿಕೊಂಡು, ಆಮೇಲೆ ಕಿಟಕಿ ತೆರೆಯುತ್ತವೆ. ಸಿಗ್ನಲ್ ಚೆನ್ನಾಗಿರುವ ಪೇಟೆಯಲ್ಲಿ ಉತ್ತರ ಕೂಡಲೇ ಬಂದು ಕಿಟಕಿ ತೆರೆಯಬಹುದು. ಮರಗಳ ಮರೆಯಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ಕುಳಿತ ಮನೆಯಲ್ಲಿ ಉತ್ತರ ಬರುವುದರೊಳಗೆ ಆ ಅವಧಿ ಕಳೆದಿರುತ್ತದೆ. ಆಗ ಬ್ರೌಸರು ಅದನ್ನು ಕರೆಯದೆ ಬಂದ ಕಿಟಕಿಯೆಂದು ಭಾವಿಸಿ ತಡೆಯುತ್ತದೆ. ಆದುದರಿಂದ ಅದೇ ಫೋನು ಹುಬ್ಬಳ್ಳಿಯಲ್ಲಿ ಕೆಲಸ ಮಾಡಿ ಊರಿನಲ್ಲಿ ಮಾಡದಿದ್ದರೆ ಫೋನನ್ನು ದೂರಬೇಕಾಗಿಲ್ಲ. ಒತ್ತಿದ ಮೇಲೆ ಪುಟ ಪೂರ್ತಿ ಮೊದಲಿನಿಂದ ತೆರೆದುಕೊಂಡು, ಆ ಬಳಿಕ ತಾನಾಗಿಯೇ ಕಿಟಕಿ ತೆರೆಯುವ ತಾಣಗಳಲ್ಲಿ ಮಾತ್ರ ಸಿಗ್ನಲ್ ಎಷ್ಟಿದ್ದರೂ ಅನುಮತಿಯೇ ಬೇಕಾಗುತ್ತದೆ.

ದಣಪೆ ತೆಗೆಯುವ ಕ್ರಮ

ಗಾಡಿ ಒಳಗೆ ಬರಬೇಕೆಂದು ತೋಟದ ಬೇಲಿಯನ್ನೇ ಕಿತ್ತುಹಾಕುವವರಿಲ್ಲ. ದಣಪೆಯ ಗಳು ಸರಿಸಿ, ಗಾಡಿ ಬಂದ ಮೇಲೆ ಮತ್ತೆ ಹಾಕುತ್ತಾರೆ. ಬ್ರೌಸರಿನಲ್ಲಿಯೂ ಬೇಕಾದ ಒಂದು ತಾಣಕ್ಕೆ ಮಾತ್ರ ದಾರಿ ಬಿಡುವ ಅನುಕೂಲವಿದೆ.

ಗಣಕಯಂತ್ರದ ಕ್ರೋಮ್‌ನಲ್ಲಿ ಕಿಟಕಿ ತಡೆಯಾದಾಗ ವಿಳಾಸ ಬರೆಯುವ ಪಟ್ಟಿಯ ಬಲತುದಿಯಲ್ಲಿ ಒಂದು ಚಿಕ್ಕ ಗುರುತು ಮೂಡುತ್ತದೆ. ಅದನ್ನು ಒತ್ತಿದರೆ ತಡೆಯಾದ ಕಿಟಕಿಯ ವಿಳಾಸ ಕಾಣಿಸುತ್ತದೆ. ಆ ವಿಳಾಸವನ್ನೇ ಒತ್ತಿದರೆ ಆ ಒಂದು ಸಲಕ್ಕೆ ಮಾತ್ರ ಕಿಟಕಿ ತೆರೆಯುವುದು. ಅಪರೂಪಕ್ಕೆ ಬಳಸುವ ತಾಣಕ್ಕೆ ಇದೇ ಒಳ್ಳೆಯದು. ಪದೇ ಪದೇ ಬೇಕಾಗುವ ತಾಣಕ್ಕೆ ‘ಯಾವಾಗಲೂ ಅನುಮತಿಸು’ ಎಂಬುದನ್ನು ಆರಿಸಬಹುದು. ಮೊಬೈಲ್ ಫೋನಿನ ಕ್ರೋಮ್‌ನಲ್ಲಿ ಪಾಪ್-ಅಪ್ ತಡೆಯಲಾಗಿದೆ ಎಂಬ ಸೂಚನೆ ಬಂದಾಗ ಅಲ್ಲಿಯೇ ಅನುಮತಿ ಕೊಡಲು ಬರುತ್ತದೆ. ಫೈರ್‌ಫಾಕ್ಸ್‌ನಲ್ಲಿಯೂ ಇಂಥದೇ ಸೂಚನೆ ಉಂಟು. ಐಫೋನಿನ ಸಫಾರಿಯಲ್ಲಿ ಮಾತ್ರ ಎಲ್ಲ ತಾಣಗಳಿಗೂ ಸೇರಿ ಒಂದೇ ಗುಂಡಿ ಇದೆ. ಅದನ್ನು ತೆಗೆದವರು ಕೆಲಸ ಮುಗಿದ ಕೂಡಲೇ ಮತ್ತೆ ಹಾಕಬೇಕು.

ಅನುಮತಿ ಕೊಡುವ ಮುನ್ನ ವಿಳಾಸವನ್ನು ಓದುವುದು ಅತ್ಯವಶ್ಯಕ. ಸರ್ಕಾರಿ ತಾಣಗಳ ಹೆಸರು ಸಾಮಾನ್ಯವಾಗಿ ‘ಡಾಟ್ ಜಿಓವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಮೋಸದ ತಾಣಗಳು ಆ ಅಕ್ಷರಗಳನ್ನು ಹೆಸರಿನ ನಡುವೆ ಸೇರಿಸಿ, ಕೊನೆಯಲ್ಲಿ ಬೇರೇನನ್ನೋ ಇಡುತ್ತವೆ. ಆದುದರಿಂದ ಮೊದಲ ಓರೆಗೆರೆಯವರೆಗಿನ ಹೆಸರನ್ನು ತೆಗೆದುಕೊಂಡು ಅದರ ಬಾಲವನ್ನು ನೋಡಬೇಕು. ತಲೆ ನೋಡಿ ನಂಬಬಾರದು.

ಕುಕ್ಕಿ ಎಂಬ ಚೀಟಿ

ತಾಣವು ತನ್ನ ಗುರುತಿಗಾಗಿ ಬ್ರೌಸರಿನಲ್ಲಿ ಇಡುವ ಚಿಕ್ಕ ಚೀಟಿಗೆ ಕುಕ್ಕಿ ಎಂದು ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಇದನ್ನು ರೂಪಿಸಿದರು. ಇದರಲ್ಲಿ ಎರಡು ಬಗೆ. ನೋಡುತ್ತಿರುವ ತಾಣವೇ ಇಟ್ಟದ್ದು ಒಂದು. ಆ ಪುಟದಲ್ಲಿ ಜಾಗ ಪಡೆದ ಜಾಹೀರಾತು ಸಂಸ್ಥೆಗಳಂಥ ಹೊರಗಿನವರು ಇಟ್ಟದ್ದು ಇನ್ನೊಂದು. ಹೊರಗಿನವರ ಚೀಟಿಯಿಂದ ಒಬ್ಬ ವ್ಯಕ್ತಿ ಯಾವ ಯಾವ ತಾಣಗಳಿಗೆ ಹೋದನೆಂಬುದನ್ನು ಪತ್ತೆ ಹಚ್ಚಲು ಬರುತ್ತದೆ. ಫೈರ್‌ಫಾಕ್ಸ್ 2019ರಲ್ಲಿ ಇಂಥ ಜಾಡು ಹಿಡಿಯುವ ಕುಕ್ಕಿಗಳನ್ನು, ಸಫಾರಿ 2020ರಲ್ಲಿ ಹೊರಗಿನವರ ಎಲ್ಲ ಕುಕ್ಕಿಗಳನ್ನು ತಾವಾಗಿಯೇ ತಡೆಯತೊಡಗಿದವು. ಕ್ರೋಮ್‌ನಲ್ಲಿ ಬಳಕೆದಾರರೇ ಆರಿಸಿಕೊಳ್ಳಬಹುದು.

ಎರಡನ್ನೂ ತಡೆದರೆ ಹೆಸರು, ಗುಪ್ತಪದ ಸರಿ ಕೊಟ್ಟರೂ ತಾಣ ಗುರುತು ಹಿಡಿಯದೆ ಮತ್ತೆ ಮೊದಲ ಪುಟಕ್ಕೇ ಕಳಿಸುತ್ತದೆ. ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಲೆಕ್ಕವಿದ್ದರೂ, ಅನುಭವಿ ತೋಟಿಗರು ಚೂರಿ ಅದ್ದಿ ನೋಡಿಯೇ ಸಿಂಪಡಿಸುತ್ತಾರೆ. ಕೆಂಪು ಕಟ್ಟಿದರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಇಲ್ಲಿಯೂ ಅಂಥ ಪರೀಕ್ಷೆ ಬೇಕು. ತಾಣದ ಸ್ವಂತ ಕುಕ್ಕಿಗೆ ಅವಕಾಶ ಕೊಟ್ಟು ಹೊರಗಿನವರದನ್ನು ತಡೆದಿಟ್ಟು ನೋಡುವುದು. ಪುಟ ನಡೆಯದಿದ್ದರೆ ಮಾತ್ರ ಆ ತಾಣಕ್ಕಷ್ಟೇ ಸಡಿಲಿಸುವುದು. ಹಣ ಪಾವತಿಯ ಪುಟ ಅರ್ಧದಲ್ಲಿ ನಿಂತಾಗಲಂತೂ ಮತ್ತೊಮ್ಮೆ ಹಣ ಕಟ್ಟುವ ಮೊದಲು ಖಾತೆಯಿಂದ ಹಣ ಹೋಗಿದೆಯೇ ಎಂದು ನೋಡಿಕೊಳ್ಳಬೇಕು.

ಗ್ರಾಮ ಒನ್ ಕೇಂದ್ರದಂಥ ಕಡೆ, ಅಥವಾ ನೆಂಟರ ಮನೆಯ ಗಣಕಯಂತ್ರದಲ್ಲಿ ಕೆಲಸ ಮಾಡುವಾಗ ಬ್ರೌಸರಿನ ಅಜ್ಞಾತ ಕಿಟಕಿಯನ್ನು ಬಳಸುವುದು ಲೇಸು. ಮುಚ್ಚಿದೊಡನೆ ಕುಕ್ಕಿಗಳೂ ನೋಡಿದ ಪುಟಗಳ ಪಟ್ಟಿಯೂ ಅಳಿಯುತ್ತವೆ. ಆದರೆ ಇಳಿಸಿಕೊಂಡ ಪಹಣಿ, ಆಧಾರ್ ನಕಲು ಅಲ್ಲಿಯೇ ಉಳಿಯುತ್ತವೆಂಬುದನ್ನು ಅನೇಕರು ಮರೆಯುತ್ತಾರೆ. ಅವನ್ನು ಕೈಯಾರೆ ಅಳಿಸಬೇಕು.

ಕೇಳದೆ ಬರುವ ಸೂಚನೆಗಳು

ಪಾಪ್-ಅಪ್‌ಗಿಂತ ಇಂದು ಹೆಚ್ಚು ಕಾಡುತ್ತಿರುವುದು ಸೂಚನೆಗಳ ಅನುಮತಿ. ಅಡಿಕೆ ಧಾರಣೆ ನೋಡಲೆಂದು ಯಾವುದೋ ಪುಟ ತೆರೆದಾಗ ‘ಸೂಚನೆ ಕಳಿಸಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ಒಪ್ಪಿಗೆ ಒತ್ತಿದರೆ, ಬ್ರೌಸರು ಆ ಹೊತ್ತಿಗೆ ತೆರೆದಿಲ್ಲದಿದ್ದರೂ ಫೋನಿನಲ್ಲಿ ಸಂದೇಶಗಳು ಬರುತ್ತಿರುತ್ತವೆ. ಫೋನಿಗೆ ವೈರಸ್ ತಗುಲಿದೆ, ಕೂಡಲೇ ಈ ತಂತ್ರಾಂಶ ಹಾಕಿಕೊಳ್ಳಿ ಎಂಬ ಬೆದರಿಕೆಗಳು ಈ ದಾರಿಯಿಂದಲೂ ಬರುತ್ತವೆ. ಪಾಪ್-ಅಪ್ ತಡೆ ಇವನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಒಪ್ಪಿಗೆ ಕೊಟ್ಟವರು ಬಳಕೆದಾರರೇ. ಪಹಣಿ ನೋಡಲು ಸೂಚನೆಯ ಅನುಮತಿಯಾಗಲಿ, ಕ್ಯಾಮರಾ, ಮೈಕುಗಳ ಅನುಮತಿಯಾಗಲಿ ಬೇಕಿಲ್ಲ. ಬೆಳೆ ಸಮೀಕ್ಷೆಯ ಆ್ಯಪ್ ಇರುವ ಸ್ಥಳವನ್ನೂ ಚಿತ್ರವನ್ನೂ ಕೇಳುವುದಕ್ಕೆ ಕಾರಣವಿದೆ. ಧಾರಣೆ ತೋರಿಸುವ ಪುಟ ಅದನ್ನು ಕೇಳಿದರೆ ನಿರಾಕರಿಸುವುದೇ ಸರಿ.

ಹಿಂದೆ ಕೊಟ್ಟ ಅನುಮತಿಗಳನ್ನು ಹಿಂತೆಗೆಯಲು ಕ್ರೋಮ್‌ನ ಮೇಲ್ತುದಿಯ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಅಲ್ಲಿ ಸೈಟ್ ಸೆಟ್ಟಿಂಗ್ಸ್ ತೆರೆಯಬೇಕು. ಸೂಚನೆ, ಸ್ಥಳ, ಪಾಪ್-ಅಪ್ ಒಂದೊಂದರಲ್ಲೂ ಒಪ್ಪಿಗೆ ಪಡೆದ ತಾಣಗಳ ಪಟ್ಟಿ ಇರುತ್ತದೆ. ಗುರುತಿಲ್ಲದ ಹೆಸರನ್ನು ತೆಗೆದುಹಾಕುವುದು. ಅಷ್ಟರೊಳಗೆ ಯಾವುದಾದರೂ ಸಂದೇಶವನ್ನು ನಂಬಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ.