ಪಾಸ್ತಾ ಬಸಿದ ನೀರು

ಪಲ್ಲಾವರಂ ಎಂದೊಡನೆ ಚರಿತ್ರೆಯನ್ನು ಓದಿದವರಿಗೆ ನೆನಪಾಗುವುದು ಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟನಿಗೆ 1863ರಲ್ಲಿ ಹಳೆಯ ಶಿಲಾಯುಗದ ಆಯುಧವೊಂದು ದೊರೆತದ್ದು ಅಲ್ಲಿಯೇ. ಆದರೆ ಪ್ರತಿದಿನವೂ ಅಲ್ಲಿಂದ ವಿದ್ಯುತ್ ರೈಲನ್ನೇರಿ ನಗರದ ಶಾಲೆಗೆ ಬರುವ ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ, ಅವರು ಮೊದಲು ಹೇಳುವುದು ಕಲ್ಲನ್ನಲ್ಲ, ಶುಕ್ರವಾರದ ಸಂತೆಯನ್ನು. ಗಿಡದ ಸಸಿ, ತರಕಾರಿ, ಹಳೆಯ ಪಾತ್ರೆ, ಪಂಜರದ ಹಕ್ಕಿ ಎಲ್ಲವೂ ಬಂದು ಬೀಳುವ ಸಂತೆ ಅದು. ಸಂತೆ ಶುಕ್ರವಾರದ್ದಾದುದರಿಂದ, ಅದನ್ನೇ ನಂಬಿದ ಮನೆಗಳಲ್ಲಿ ಗುರುವಾರ ಸಂಜೆಯ ಹೊತ್ತಿಗೆ ತರಕಾರಿ ಬುಟ್ಟಿಯ ತಳ ಕಾಣುತ್ತದೆ. ಎರಡು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಲೀಟರು ಹಾಲು, ಬೆಣ್ಣೆಯ ಒಂದು ತುಂಡು, ಡಬ್ಬಿಯಲ್ಲಿ ಮೈದಾ, ಮೆಣಸಿನ ಪುಡಿ, ಎಂದೋ ತಂದಿರಿಸಿದ ಪಾಸ್ತಾದ ಪೊಟ್ಟಣ. ತಾಯಿತಂದೆಯರಿಬ್ಬರೂ ದುಡಿಯುವ ಮನೆಯಾದರೆ ಅವರು ಪಲ್ಲಾವರಂ ನಿಲ್ದಾಣದಲ್ಲಿ ಇಳಿದು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಅಷ್ಟರಲ್ಲಿ ಊಟ ಸಿದ್ಧವಾಗಿರಬೇಕಾದರೆ ಏನು ಮಾಡಬೇಕು?

ಇಷ್ಟರಿಂದಲೇ ಮೆತ್ತಗೆ ಬಾಯಿಗೆ ಹಿತವಾಗುವ, ಕೆನೆಯಂತೆ ನುಣುಪಾದ ರಸವುಳ್ಳ ಪಾಸ್ತಾ ಊಟವನ್ನು ಸುಮಾರು ಅರ್ಧ ಗಂಟೆಯಲ್ಲಿ ಮಾಡಬಹುದು. ಹೋಟೆಲಿನಲ್ಲಿ ಅದನ್ನು ತಿಂದವರು ಅಂಗಡಿಯ ಕೆನೆ ಡಬ್ಬಿಯಿಲ್ಲದೆ ಅದು ಸಾಧ್ಯವೇ ಇಲ್ಲವೆಂದು ತಿಳಿದಿರುತ್ತಾರೆ. ಅದು ತಪ್ಪು ತಿಳಿವಳಿಕೆ. ನುಣುಪಿನ ಬಹುಪಾಲು ಬರುವುದು ಕೆನೆಯಿಂದಲ್ಲ. ನಾವು ಬಚ್ಚಲಿಗೆ ಚೆಲ್ಲಿಬಿಡುವ, ಪಾಸ್ತಾ ಬೆಂದ ನೀರಿನಿಂದ. ಆ ನೀರಿನ ವಿಷಯವೇ ಈ ಪಾಠ.

ಮೊದಲು ಪಾಸ್ತಾ ಎಂದರೇನೆಂಬುದನ್ನು ನೋಡೋಣ. ಇಟಲಿಯ ಭಾಷೆಯಲ್ಲಿ ಆ ಮಾತಿಗೆ ಕಲಸಿದ ಹಿಟ್ಟು, ಕಣಕ ಎಂದೇ ಅರ್ಥ. ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯನ್ನು ನೀರಿನಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದರೆ ಪಾಸ್ತಾ. ಅದು ಪರದೇಶದ ಪದಾರ್ಥವೆಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿ ಉಂಟು. ಅವರಿಗೆ ಶಾವಿಗೆಯನ್ನು ನೆನಪಿಸಿದರೆ ಸಾಕು. ಧಾರವಾಡ, ವಿಜಯಪುರಗಳ ಕಡೆ ಬೇಸಗೆಯಲ್ಲಿ ಹೆಂಗಸರು ಗೋಧಿಯ ಕಣಕವನ್ನು ನಾದಿ, ಎಳೆಯೆಳೆಯಾಗಿ ಹೊಸೆದು, ಕೋಲಿನ ಮೇಲೆ ನೇತುಹಾಕಿ ಒಣಗಿಸಿ, ವರ್ಷಕ್ಕಾಗುವಷ್ಟನ್ನು ಡಬ್ಬಿಗೆ ತುಂಬುತ್ತಿದ್ದರು. ಈಗಲೂ ಕೆಲವು ಮನೆಗಳಲ್ಲಿ ತುಂಬುತ್ತಾರೆ. ಬೇಕಾದಾಗ ಅದನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಬಸಿದು, ಹಾಲು, ತುಪ್ಪ, ಸಕ್ಕರೆಗಳೊಡನೆ ಬಡಿಸುತ್ತಾರೆ. ಬಸಿದ ಶಾವಿಗೆ ಎಂದೇ ಅದರ ಹೆಸರು. ಹಳೆಯ ಮೈಸೂರಿನ ಕಡೆ ಅಕ್ಕಿಯ ಮುದ್ದೆಯನ್ನು ಒರಳಿನಲ್ಲಿ ಒತ್ತಿ ತೆಗೆದ ಒತ್ತುಶಾವಿಗೆಗೆ ಬೆಲ್ಲ ಬೆರೆಸಿದ ಕಾಯಿಹಾಲನ್ನು ಹಾಕಿಕೊಳ್ಳುವರು. ಬೆಂದ ಎಳೆ, ಅದರ ಮೇಲೆ ಹಾಲಿನದೋ ಕಾಯಿಹಾಲಿನದೋ ನುಣುಪಾದ ರಸ: ಇದಕ್ಕೂ ಇಟಲಿಯವನ ತಟ್ಟೆಗೂ ಇರುವ ಭೇದ ಸಕ್ಕರೆಗೂ ಉಪ್ಪಿಗೂ ಇರುವ ಭೇದವಷ್ಟೆ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೊಳ್ಳುವ ಹಳದಿ ಛಾಯೆಯ ರವೆಯೂ ಡ್ಯೂರಮ್ ಜಾತಿಯ ಗೋಧಿಯದೇ. ಆದ್ದರಿಂದ ಪಾಸ್ತಾ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದಿರಿ. ಡ್ಯೂರಮ್ ರವೆಯೆಂದು ಇದ್ದರೆ ಒಳ್ಳೆಯದು. ಬರಿಯ ಮೈದಾದಿಂದ ಮಾಡಿದ್ದು ಬೇಗ ಕಲಸಿಹೋಗಿ ಅಂಟಾಗುತ್ತದೆ.

ಏಕೆ ಹೀಗೆ? ಗೋಧಿಯಲ್ಲಿ ಮುಖ್ಯವಾಗಿ ಎರಡು ವಸ್ತುಗಳಿವೆ. ಒಂದು ಪಿಷ್ಟ, ಇನ್ನೊಂದು ಗ್ಲೂಟೆನ್ ಎಂಬ ಸಸಾರಜನಕ. (ಪಿಷ್ಟವೆಂದರೆ ಸಂಸ್ಕೃತದಲ್ಲಿ ಅರೆದದ್ದು, ಹಿಟ್ಟು ಎಂದು ಅರ್ಥ. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಪಿಷ್ಟಪಾಕವೆಂದರೆ ಹಿಟ್ಟಿನ ತಿಂಡಿಗಳ ಪಾಕ. ವಿಜ್ಞಾನದ ಪುಸ್ತಕಗಳು ಆ ಮಾತನ್ನು ಹಿಟ್ಟಿನೊಳಗಿನ ಒಂದು ವಸ್ತುವಿಗೆ ಮೀಸಲಾಗಿಸಿದವು.) ಗ್ಲೂಟೆನ್ ಬಲೆಯಂತೆ ಹಬ್ಬಿ ಪಿಷ್ಟದ ಕಣಗಳನ್ನು ಹಿಡಿದಿರುತ್ತದೆ. ನೀರಿನ ಉಷ್ಣತೆ ಸುಮಾರು 60 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದಾಗ ಆ ಕಣಗಳು ನೀರನ್ನು ಹೀರಿ ಉಬ್ಬತೊಡಗುತ್ತವೆ. ಪಾಸ್ತಾದ ಒಳಗಿನ ಕಣಗಳು ಬಲೆಯಲ್ಲಿಯೇ ಉಳಿಯುತ್ತವೆ. ಮೇಲ್ಮೈಯಲ್ಲಿರುವ ಕೆಲವು ಕಳಚಿಕೊಂಡು ನೀರಿಗೆ ಸೇರುತ್ತವೆ. ನೀರು ಬೆಳ್ಳಗೆ ಮಸುಕಾಗುವುದು ಇದರಿಂದಲೇ. ನಂಬಿಕೆ ಬಾರದಿದ್ದರೆ ಆ ನೀರನ್ನು ಒಂದು ಪ್ರನಾಳದಲ್ಲಿ ತೆಗೆದುಕೊಂಡು, ಚೆನ್ನಾಗಿ ಆರಿಸಿ, ಪ್ರಯೋಗಶಾಲೆಯಲ್ಲಿ ಅಯೋಡಿನ್ನಿನ ಒಂದು ತೊಟ್ಟನ್ನು ಬಿಟ್ಟು ನೋಡಿರಿ. ಕಡುನೀಲಿಯ ಬಣ್ಣ ಪಿಷ್ಟದ ಸಾಕ್ಷಿ. ನೀರು ಬಿಸಿಯಾಗಿದ್ದರೆ ಈ ಬಣ್ಣ ನಿಲ್ಲುವುದಿಲ್ಲ, ಆದ್ದರಿಂದಲೇ ಆರಿಸಬೇಕೆಂದುದು. ಪರೀಕ್ಷೆಯಾದ ನೀರನ್ನು ಮಾತ್ರ ಚೆಲ್ಲಿಬಿಡಬೇಕು. ಅದು ಅಡಿಗೆಗೆ ಸಲ್ಲದು.

ಬೆಣ್ಣೆಯೂ ನೀರೂ ಸೇರುವುದಿಲ್ಲವೆಂಬುದು ನಿಮಗೆ ಗೊತ್ತಷ್ಟೆ. ಎಷ್ಟು ಕಲಕಿದರೂ ಜಿಡ್ಡಿನ ಹನಿಗಳು ಮತ್ತೆ ಒಂದಕ್ಕೊಂದು ಕೂಡಿ ಮೇಲೆ ತೇಲುತ್ತವೆ. ಆದರೆ ನೀರಿನಲ್ಲಿ ಪಿಷ್ಟವಿದ್ದರೆ ನೀರು ಮಂದವಾಗಿ, ಹನಿಗಳು ಒಂದರ ಬಳಿಗೊಂದು ಬರಲು ತಡೆಯಾಗುತ್ತದೆ. ಸಣ್ಣ ಸಣ್ಣ ಹನಿಗಳು ನೀರಿನ ತುಂಬ ಹರಡಿ ನಿಂತಾಗ ನಾಲಗೆಗೆ ಅದು ಕೆನೆಯೆಂದೇ ತೋರುತ್ತದೆ. ಕನ್ನಡದ ಅಡಿಗೆಮನೆಗೆ ಈ ತತ್ತ್ವ ಹೊಸದಲ್ಲ. ಮಜ್ಜಿಗೆಹುಳಿಗೆ ನೆನೆಸಿದ ಕಡಲೆಬೇಳೆಯನ್ನು ರುಬ್ಬಿ ಹಾಕುವುದು ರುಚಿಗಾಗಿ ಮಾತ್ರವಲ್ಲ. ಅದಿಲ್ಲದಿದ್ದರೆ ಕುದಿಯುವ ಮಜ್ಜಿಗೆ ಒಡೆದು ನೀರು ಬೇರೆ, ಗಟ್ಟಿ ಬೇರೆಯಾಗುತ್ತದೆ. ಇನ್ನು ಬಸ್ಸಾರಿನ ಮಾತು ಹೇಳಲೇಬೇಕೆ? ಬೇಳೆಯನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟಿನಿಂದಲೇ ಆ ಸಾರು. ಹೆಸರಿನಲ್ಲಿಯೇ ಬಸಿದದ್ದೆಂಬ ಗುರುತಿದೆ. ಬಸಿದ ನೀರನ್ನು ಊಟದ ಅರ್ಧವೆಂದು ಎಣಿಸಿದವರ ಮಕ್ಕಳು ನಾವು. ಪಾಸ್ತಾದ ವಿಷಯದಲ್ಲಿ ಮಾತ್ರ ಇದನ್ನು ಏಕೆ ಮರೆತೆವೋ ತಿಳಿಯದು.

ನೀರು ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರು ನೀರು ಎಂಬುದು ಇಟಲಿಯ ವಾಡಿಕೆ. ನಾಲ್ವರ ಊಟಕ್ಕೆ ಬೇಕಾದ 250 ಗ್ರಾಂಗೆ ಇದು ಎರಡೂವರೆ ಲೀಟರಾಯಿತು. ಚೆನ್ನೈಯಲ್ಲಿ ಇದು ಹಗುರವಾದ ಮಾತಲ್ಲ. 2019ರ ಜೂನ್ ತಿಂಗಳಲ್ಲಿ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳೂ ಹೆಚ್ಚುಕಡಿಮೆ ಬರಿದಾಗಿ, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸಾಲಿಟ್ಟು ಲಾರಿಗಾಗಿ ಕಾದ ದಿನಗಳನ್ನು ಕಂಡವರು ಒಂದು ಚೊಂಬು ನೀರನ್ನೂ ಯೋಚಿಸದೆ ಚೆಲ್ಲಲಾರರು. ಅದಕ್ಕೆ ಹತ್ತು ವರ್ಷ ಮೊದಲೇ, 2009ರಲ್ಲಿ, ಪಾಕವಿಜ್ಞಾನದ ಲೇಖಕ ಹೆರಾಲ್ಡ್ ಮೆಗೀ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದರು. ಸುಮಾರು 450 ಗ್ರಾಂ ಪಾಸ್ತಾವನ್ನು ಒಂದೂವರೆ ಲೀಟರಿನಷ್ಟು ತಣ್ಣೀರಿನಲ್ಲಿ ಹಾಕಿ, ಆಗಾಗ ಕಲಕುತ್ತ ಬೇಯಿಸಿದರೂ ಅದು ಚೆನ್ನಾಗಿ ಬೇಯುತ್ತದೆಂದೂ, ಉಳಿದ ಮಂದವಾದ ನೀರು ರಸಕ್ಕೆ ಬಹಳ ಒಳ್ಳೆಯದೆಂದೂ ಅವರು ಬರೆದರು.

ನಾವೂ ಪರೀಕ್ಷಿಸಿದೆವು. ಎರಡು ಪಾತ್ರೆಗಳಲ್ಲಿ ನೂರು ನೂರು ಗ್ರಾಂ ಪಾಸ್ತಾ. ಒಂದಕ್ಕೆ ಒಂದು ಲೀಟರು, ಇನ್ನೊಂದಕ್ಕೆ 400 ಮಿಲಿಲೀಟರು ನೀರು. ತಿಂದು ನೋಡಿದರೆ ಪಾಸ್ತಾದಲ್ಲಿ ಭೇದ ಕಾಣಲಿಲ್ಲ. ನೀರಿನಲ್ಲಿ ಭೇದವಿತ್ತು: ಮೊದಲನೆಯದು ಅಕ್ಕಿ ತೊಳೆದ ನೀರಿನಂತೆ ತೆಳ್ಳಗೆ, ಎರಡನೆಯದು ಗಂಜಿಯ ತಿಳಿಯಂತೆ. ಕಡಮೆ ನೀರೆಂದರೆ ಕಡಮೆ ಅನಿಲ, ಕಡಮೆ ಹೊತ್ತು, ಹೆಚ್ಚು ನುಣುಪು. ಆದರೆ ಒಂದು ಎಚ್ಚರಿಕೆ ಇದೆ. ಕಡಮೆ ನೀರಿನಲ್ಲಿ ಮೊದಲ ಎರಡು ಮೂರು ನಿಮಿಷ ಕಲಕುವುದನ್ನು ಬಿಟ್ಟರೆ ಪಾಸ್ತಾ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಇನ್ನೊಂದು ಮಾತು: ಸಮುದ್ರಮಟ್ಟಕ್ಕೆ ಹತ್ತಿರವಿರುವ ಪಲ್ಲಾವರಂನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಸುಮಾರು 97ರಲ್ಲಿಯೇ. ಬೇಸಗೆಯ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ಒಂದೆರಡು ನಿಮಿಷ ಹೆಚ್ಚು ಬೇಯಿಸಬೇಕಾಗಿ ಬಂದರೆ ಅಜ್ಜಿಯ ಒಲೆಯನ್ನು ದೂರಬೇಡಿರಿ.

ಇನ್ನು ಅಡಿಗೆ. ಮನೆಯಲ್ಲಿ ಹಿರಿಯರೊಬ್ಬರು ಇರುವಾಗಲೇ ಒಲೆ ಹೊತ್ತಿಸತಕ್ಕದ್ದು. ಅಗಲವಾದ ಪಾತ್ರೆಯಲ್ಲಿ ಒಂದು ಲೀಟರು ನೀರಿಗೆ ಒಂದು ಚಮಚ ಉಪ್ಪು ಹಾಕಿ ಕುದಿಸಿ. ಈ ನೀರು ಮುಂದೆ ರಸದಲ್ಲಿ ಸೇರುವುದರಿಂದ ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಕುದಿ ಬಂದೊಡನೆ 250 ಗ್ರಾಂ ಪಾಸ್ತಾ ಹಾಕಿ ಕಲಕಿ. ಪೊಟ್ಟಣದ ಮೇಲೆ ಹೇಳಿರುವ ಹೊತ್ತಿಗಿಂತ ಎರಡು ನಿಮಿಷ ಮೊದಲೇ ತೆಗೆಯಬೇಕು. ಉಳಿದ ಬೇಯುವಿಕೆ ರಸದಲ್ಲಿ ಆಗುತ್ತದೆ.

ಅದು ಬೇಯುತ್ತಿರುವಾಗಲೇ ಪಕ್ಕದ ಒಲೆಯ ಮೇಲೆ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಬೆಣ್ಣೆಯನ್ನು ಕರಗಿಸಿ, ಜಜ್ಜಿದ ಬೆಳ್ಳುಳ್ಳಿಯನ್ನೂ ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನೂ ಮೆತ್ತಗಾಗುವವರೆಗೆ ಬಾಡಿಸಿ, ಕೆಂಪಗಾಗಬಾರದು. ಒಂದು ದೊಡ್ಡ ಚಮಚ ಮೈದಾವನ್ನು ಉದುರಿಸಿ, ಹಸಿ ವಾಸನೆ ಹೋಗುವಂತೆ ಒಂದು ನಿಮಿಷ ಸಣ್ಣ ಉರಿಯಲ್ಲಿ ಹುರಿಯಿರಿ. ಹಿಟ್ಟನ್ನು ನೇರವಾಗಿ ಬಿಸಿ ಹಾಲಿಗೆ ಸುರಿದರೆ ಗಂಟುಗಳಾಗುವುವು: ಗಂಟಿನ ಹೊರಮೈ ಕೂಡಲೇ ಬೆಂದು ಗೋಡೆಯಾಗುತ್ತದೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಬೆಣ್ಣೆಯಲ್ಲಿ ಹುರಿದಾಗ ಪ್ರತಿಯೊಂದು ಕಣಕ್ಕೂ ಜಿಡ್ಡಿನ ಲೇಪವಾಗಿ ಅವು ಬಿಡಿಬಿಡಿಯಾಗಿರುತ್ತವೆ. ಆಮೇಲೆ 250 ಮಿಲಿಲೀಟರು ಹಾಲನ್ನು ಸ್ವಲ್ಪಸ್ವಲ್ಪವಾಗಿ ಹೊಯ್ಯುತ್ತ ಬಿಡದೆ ಕಲಕಿ. ಟೋನ್ಡ್ ಹಾಲೇ ಸಾಕು. ಅದರಲ್ಲಿ ಕೊಬ್ಬು ನೂರಕ್ಕೆ ಮೂರೇ ಪಾಲು. ಆದರೂ ರಸ ಕೆನೆಯಂತಾಗುವುದನ್ನು ನೀವೇ ನೋಡುವಿರಿ.

ಈಗ ಪಾಸ್ತಾ ಬಸಿಯುವ ಗಳಿಗೆ. ಮಕ್ಕಳ ಕೈಗೆ ಅಪಾಯವಿರುವುದು ಇಲ್ಲಿಯೇ. ಕುದಿಯುವ ನೀರಿನ ಪಾತ್ರೆಯನ್ನು ಎತ್ತಿ ಬಗ್ಗಿಸಲೇಬೇಡಿರಿ. ಒಲೆ ಆರಿಸಿ, ಜಾಲರಿ ಸೌಟಿನಿಂದ ಪಾಸ್ತಾವನ್ನು ಎತ್ತೆತ್ತಿ ಬಾಣಲೆಗೆ ಹಾಕಿ. ಕೈಯೂ ಸುಡುವುದಿಲ್ಲ, ನೀರೂ ಪಾತ್ರೆಯಲ್ಲಿಯೇ ಉಳಿಯುತ್ತದೆ. ಆ ನೀರಿನಲ್ಲಿ ಒಂದು ಕಾಫಿ ಲೋಟದಷ್ಟನ್ನು ಬಾಣಲೆಗೆ ಹೊಯ್ದು, ಎರಡು ನಿಮಿಷ ಜೋರಾಗಿ ಕಲಕುತ್ತ ಕುದಿಸಿ. ಮೊದಲು ರಸ ತೀರ ನೀರಾಯಿತೆಂದು ತೋರುತ್ತದೆ. ಹೆದರಬೇಡಿರಿ. ನೋಡುತ್ತಿರುವಂತೆಯೇ ಅದು ಕೂಡಿಕೊಂಡು, ಹೊಳಪೇರಿ, ಪಾಸ್ತಾದ ಮೈಗೆ ಹತ್ತುತ್ತದೆ. ಒಲೆಯಿಂದ ಇಳಿಸಿ ಅರ್ಧ ಚಮಚ ಮೆಣಸಿನ ಪುಡಿಯನ್ನೂ, ಇದ್ದರೆ ತುರಿದ ಚೀಸಿನ ಎರಡು ತುಂಡುಗಳನ್ನೂ ಬೆರೆಸಿ. ಅಂಗಡಿಯ ಸಂಸ್ಕರಿಸಿದ ಚೀಸಿನಲ್ಲಿ ಕೊಬ್ಬು ಬೇರ್ಪಡದಂತೆ ತಡೆಯುವ ಲವಣಗಳಿರುವುದರಿಂದ ಅದು ಸುಲಭವಾಗಿ ಕರಗುತ್ತದೆ. ಇಲ್ಲದಿದ್ದರೆ ಹಾಲಿನ ಮೇಲಿಂದ ತೆಗೆದಿಟ್ಟ ಕೆನೆ ಎರಡು ಚಮಚ ಸಾಕು. ಅದೂ ಇಲ್ಲವೆ? ಬಿಟ್ಟುಬಿಡಿ, ಊಟ ಕೆಡುವುದಿಲ್ಲ.

ಟೊಮೇಟೊ ಹಾಕಬಹುದೇ ಎಂದು ಕೇಳುವಿರಿ. ನಾವು ಮೊದಲ ಸಲ ಹಾಕಿ ಕೆಡಿಸಿದ್ದೇವೆ. ಹಸಿ ಟೊಮೇಟೊ ರಸವನ್ನು ಬರಿಯ ಬಿಸಿ ಹಾಲಿಗೆ ಸುರಿದೆವು. ಗಳಿಗೆಯಲ್ಲಿ ಹಾಲು ಒಡೆದು, ಬಾಣಲೆಯ ತುಂಬ ಪನ್ನೀರಿನ ಚೂರುಗಳೂ ಕೆಂಪು ನೀರೂ ಕಂಡವು. ಹಸಿವಿತ್ತಾದ್ದರಿಂದ ಅದನ್ನೂ ತಿಂದೆವೆನ್ನಿ. ಟೊಮೇಟೊವಿನ ಹುಳಿ ಹಾಲಿನ ಸಸಾರಜನಕವನ್ನು ಹೆಪ್ಪುಗಟ್ಟಿಸುತ್ತದೆ, ಶಾಖ ಅದನ್ನು ಇನ್ನೂ ಬೇಗ ಮಾಡಿಸುತ್ತದೆ. ಟೊಮೇಟೊ ಬೇಕೇಬೇಕೆಂದರೆ ಅದನ್ನು ಬೇರೆಯಾಗಿ ಬೇಯಿಸಿಕೊಂಡು, ಹಿಟ್ಟು ಸೇರಿ ಹಾಲು ಮಂದವಾದ ಮೇಲೆ, ಉರಿ ತಗ್ಗಿಸಿ, ಚಮಚ ಚಮಚವಾಗಿ ಬೆರೆಸಬೇಕು. ಮಜ್ಜಿಗೆಹುಳಿಯಲ್ಲಿ ಕಡಲೆಬೇಳೆ ಮಾಡುವ ಕೆಲಸವನ್ನೇ ಇಲ್ಲಿ ಮೈದಾ ಮಾಡುತ್ತದೆ. ಹಾಲೇ ಇಲ್ಲದ ದಿನ ಕಾಯಿಹಾಲನ್ನು ಉಪಯೋಗಿಸಬಹುದು. ಬೆಣ್ಣೆಯ ಬದಲು ಎಣ್ಣೆ ಸಾಕಾಗುತ್ತದೆ. ಬಸಿದ ನೀರಿಗೆ ಮಾತ್ರ ಬದಲಿಯಿಲ್ಲ.

ಕೊನೆಯದಾಗಿ, ತಡವಾಗಿ ಬರುವವರ ಪಾಲು. ಈ ರಸ ಆರುತ್ತ ಆರುತ್ತ ಗಟ್ಟಿಯಾಗುತ್ತದೆ. ಉಬ್ಬಿದ ಪಿಷ್ಟದ ಸ್ವಭಾವವೇ ಅದು. ಏಳೂವರೆಗೆ ಮಾಡಿಟ್ಟದ್ದು ಒಂಬತ್ತಕ್ಕೆ ಪಾತ್ರೆಯ ಆಕಾರದಲ್ಲಿಯೇ ಹೊರಬರಬಹುದು. ಆದ್ದರಿಂದ ಬಸಿದ ನೀರಿನಲ್ಲಿ ಇನ್ನೊಂದು ಲೋಟವನ್ನು ಮುಚ್ಚಿ ಒಲೆಯ ಪಕ್ಕದಲ್ಲಿಟ್ಟಿರಿ. ತಾಯಿಯೋ ತಂದೆಯೋ ರೈಲಿಳಿದು ಬಂದು ಕೈಕಾಲು ತೊಳೆಯುವಷ್ಟರಲ್ಲಿ, ಆ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ಸಣ್ಣ ಉರಿಯಲ್ಲಿ ಬಿಸಿಮಾಡಿದರೆ ರಸ ಮತ್ತೆ ಸಡಿಲವಾಗಿ ಮೊದಲಿನ ನುಣುಪಿಗೆ ಬರುತ್ತದೆ.