ಜೈಲಿನಲ್ಲಿ ಲಸಿಕೆ: ಆರು ತಿಂಗಳ ಬದಲು ಮೂರು ವಾರ



ಹೆಪಟೈಟಿಸ್ ಬಿ ಲಸಿಕೆಯನ್ನು ಯೀಸ್ಟ್‌ನಿಂದ ತಯಾರಿಸುತ್ತಾರೆ ಎಂದು ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಓದುತ್ತೇವೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ತಯಾರಾದ ಲಸಿಕೆ ಬೇಕಾದವರಿಗೆ ತಲುಪುವುದು ಹೇಗೆ? ಇದನ್ನು ತಿಳಿಯಲು ಬ್ರಿಟನ್ನಿನ ಜೈಲುಗಳನ್ನು ನೋಡೋಣ.

ಈ ವೈರಸ್ ರಕ್ತ ಮತ್ತು ದೇಹದ್ರವಗಳ ಮೂಲಕ ಹರಡಿ ಲಿವರ್‌ಗೆ ಹಾನಿ ಮಾಡುತ್ತದೆ. ದೇಹದ ಹೊರಗೂ ಕನಿಷ್ಠ 7 ದಿನ ಉಳಿಯಬಲ್ಲದು. ಹಾಗಾಗಿ ಮಾದಕವಸ್ತುವಿನ ಸೂಜಿ, ಹಚ್ಚೆಯ ಸೂಜಿ, ಕ್ಷೌರದ ಬ್ಲೇಡು ಹಂಚಿಕೊಳ್ಳುವಲ್ಲಿ ಅಪಾಯ ಹೆಚ್ಚು. ಜೈಲು ಅಂಥ ಒಂದು ಜಾಗ. ಸೋಂಕು ದೇಹದಲ್ಲೇ ಉಳಿದುಬಿಟ್ಟರೆ ಮುಂದೆ ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಬರಬಹುದು.

ಲಸಿಕೆಯ ಸಾಮಾನ್ಯ ಕ್ರಮದಲ್ಲಿ ಮೊದಲ ಡೋಸ್ ಆದ ಮೇಲೆ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ತೊಡಕು ಇಲ್ಲೇ ಇದೆ. ಎಷ್ಟೋ ಕೈದಿಗಳು ಕೆಲವೇ ವಾರಗಳಲ್ಲಿ ಬಿಡುಗಡೆಯಾಗುತ್ತಾರೆ, ಇಲ್ಲವೇ ಬೇರೆ ಜೈಲಿಗೆ ಹೋಗುತ್ತಾರೆ. ಮೂರನೆಯ ಡೋಸ್ ಹೊತ್ತಿಗೆ ಅವರು ಅಲ್ಲಿರುವುದಿಲ್ಲ.

ಬ್ರಿಟನ್ನಿನ ಲಸಿಕಾ ಮಾರ್ಗಸೂಚಿ ಇದಕ್ಕೆ ದಾರಿ ಹೇಳುತ್ತದೆ:

1. ಶಿಕ್ಷೆಗೊಳಗಾದವರಿಗೂ ಹೊಸದಾಗಿ ಜೈಲಿಗೆ ಬಂದವರಿಗೂ ಲಸಿಕೆ ನೀಡಲು ಶಿಫಾರಸು ಮಾಡಿದೆ. ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಮೊದಲ ಡೋಸ್ ತಡೆಹಿಡಿಯಬೇಕಿಲ್ಲ.
2. ವಯಸ್ಕರಿಗೆ ವೇಗದ ಕ್ರಮ: ಮೊದಲ ದಿನ, 7ನೇ ದಿನ, 21ನೇ ದಿನ. ಹೀಗೆ ರಕ್ಷಣೆ ಬೇಗ ಸಿಗುತ್ತದೆ. ಅದು ಬಹುಕಾಲ ಉಳಿಯಲು 12 ತಿಂಗಳಿಗೆ ನಾಲ್ಕನೆಯ ಡೋಸ್.
3. ನಡುವೆ ನಿಂತುಹೋದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ಆದ್ದರಿಂದ ಲಸಿಕೆಯ ದಾಖಲೆ ಕೈದಿಯ ಜೊತೆಗೇ ಹೋಗಬೇಕು.

ಲಸಿಕೆ ಅದೇ, ಬದಲಾದದ್ದು ವೇಳಾಪಟ್ಟಿ ಮಾತ್ರ. ಆದರೂ ಕೈದಿಯ ಒಪ್ಪಿಗೆಯಿಲ್ಲದೆ ಸೂಜಿ ಚುಚ್ಚುವಂತಿಲ್ಲ. ಕೂರಿಸಿ, ವಿವರಿಸಿ, ನಂಬಿಕೆ ಗಳಿಸುವ ಕೆಲಸ ದಾದಿಯರದು.

ತಪ್ಪು ಮಾಡಿದವರಿಗೆ ಇಷ್ಟು ಕಾಳಜಿ ಏಕೆ ಎಂದು ಕೇಳಬಹುದು. ನ್ಯಾಯಾಲಯ ವಿಧಿಸುವುದು ಸೆರೆವಾಸವನ್ನು, ಕಾಯಿಲೆಯನ್ನಲ್ಲ. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆ ಕೈದಿಗೂ ಉಚಿತವಾಗಿ ಸಿಗಬೇಕೆಂದು ವಿಶ್ವಸಂಸ್ಥೆ 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳು ಹೇಳುತ್ತವೆ. ಅಲ್ಲದೆ, ಬಹುತೇಕ ಕೈದಿಗಳು ಒಂದು ದಿನ ಮನೆಗೆ ಮರಳುತ್ತಾರೆ. ಅವರನ್ನು ಕಾಪಾಡಿದರೆ ಅವರ ಮನೆಯವರನ್ನೂ ಕಾಪಾಡಿದಂತೆ.

ನಮ್ಮ ದೇಶದಲ್ಲಿ ಈ ಲಸಿಕೆ ಎಲ್ಲ ರಾಜ್ಯಗಳ ಶಿಶುಗಳಿಗೆ ವಿಸ್ತರಿಸಿದ್ದು 2011ರಲ್ಲಿ. ನಿಮಗೆ ಹಾಕಿಸಿದ್ದಾರೆಯೇ? ಇಂದು ಮನೆಯಲ್ಲಿ ತಾಯಿ ಕಾರ್ಡ್ ತೆಗೆದು ನೋಡಿ.

ಯೋಚಿಸಿ ಉತ್ತರಿಸಿ:
• ವೇಗದ ಕ್ರಮದಲ್ಲಿ ನಾಲ್ಕನೆಯ ಡೋಸ್ ಏಕೆ ಬೇಕು?
• ಹೆಪಟೈಟಿಸ್ ಸಿ ರೋಗಕ್ಕೆ ಲಸಿಕೆಯಿಲ್ಲ. ಹಾಗಾದರೆ ಜೈಲಿನಲ್ಲಿ ಅದನ್ನು ತಡೆಯುವುದು ಹೇಗೆ?